ನಾಯಿ ಮನೇಲಿರಲಿ, ನಾವು ಬೆಟ್ಟಕ್ಕೆ ಹೋಗೋಣ

ಮೊನ್ನೆ ರಾತ್ರಿ ಬೆಂಗಳೂರಿನಿಂದ ಗೆಳೆಯನೊಬ್ಬ ಫೋನ್ ಮಾಡಿದ್ದ. ಮುಂದಿನ ವಾರ ನಾಲ್ಕು ಜನ ಬರ್ತೀವಿ, ನಿಮ್ಮನೇಲಿ ಉಳ್ಕೊಂಡು ಕೊಡಚಾದ್ರಿ ಹತ್ತಿ ಬರೋಣ ಅಂತ. ಬನ್ನಿ ಮಾರಾಯ, ಅದಕ್ಕೇನಂತೆ, ಹಲಸಿನ ಹಪ್ಪಳ ಇನ್ನೂ ಇದೆ ಅಂದೆ. ಅಲ್ಲಿಗೆ ಮಾತು ಮುಗಿದಿದ್ರೆ ಚೆನ್ನಾಗಿತ್ತು. ಆಮೇಲೆ ಅವನು ಮೆಲ್ಲಗೆ, "ನಮ್ಮ ಬ್ರೂನೋನ್ನೂ ಕರ್ಕೊಂಡು ಬರ್ತೀನಿ. ಅವ್ನೂ ಒಂದು ಟ್ರೆಕ್ ಮಾಡ್ಲಿ ಪಾಪ" ಅಂದ. ಬ್ರೂನೋ ಅಂದ್ರೆ ಅವನ ಲ್ಯಾಬ್ರಡಾರ್. ಮೂರನೇ ಮಹಡಿಯ ಫ್ಲಾಟಿನಲ್ಲಿ ಸೋಫಾದ ಮೇಲೆ ಮಲಗಿ ದಪ್ಪಗಾಗಿರೋ ಸಂಭಾವಿತ.

"ಬ್ರೂನೋ ನಮ್ಮನೆವರೆಗೆ ಬರ್ಲಿ. ಬೆಟ್ಟಕ್ಕೆ ಬೇಡ" ಅಂದೆ.

"ಯಾಕೋ? ಧರ್ಮರಾಯನ ಜೊತೆ ನಾಯಿ ಹಿಮಾಲಯ ಹತ್ತಿದ್ದು ಮರ್ತೋಯ್ತಾ?"

"ಧರ್ಮರಾಯ ವಾಪಸ್ ಬರೋಕೆ ಅಂತ ಹೋಗಿರ್ಲಿಲ್ಲ. ಅವನಿಗೆ ಸೋಮವಾರ ಆಫೀಸೂ ಇರ್ಲಿಲ್ಲ" ಅಂದೆ.

ಇಬ್ಬರೂ ನಕ್ಕೆವು. ಆದರೆ ಅವನಿಗೆ ಸ್ವಲ್ಪ ಬೇಜಾರಾಯಿತು ಅಂತ ಗೊತ್ತಾಯಿತು. "ಹಳ್ಳೀಲಿದ್ದು ನಾಯಿ ಸಾಕಿದೋನು ನೀನೇ ಹೀಗಂದ್ರೆ ಹೇಗೋ" ಅಂದ. ನಿಜ, ನಾನು ಹುಟ್ಟಿದಾಗಿನಿಂದ ನಮ್ಮನೆಯಲ್ಲಿ ನಾಯಿ ಇಲ್ಲದ ದಿನ ಇಲ್ಲ. ಅದಕ್ಕೇ ಇದನ್ನ ಬರೀಬೇಕು ಅನ್ನಿಸಿತು. ಫೋನಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದನ್ನ ಇಲ್ಲಿ ಪೂರ್ತಿ ಹೇಳ್ತೀನಿ.

*

ನಮ್ಮೂರು ಹೊಸನಗರ ತಾಲೂಕಿನಲ್ಲಿ, ನಿಟ್ಟೂರಿನಿಂದ ಸ್ವಲ್ಪ ಒಳಗೆ. ಮೋಡ ಇಲ್ಲದ ದಿನ ಅಂಗಳದಿಂದಲೇ ಕೊಡಚಾದ್ರಿಯ ಬೆನ್ನು ಕಾಣುತ್ತೆ. ಮನೆಯಿಂದ ಮನೆಗೆ ಅರ್ಧ ಕಿಲೋಮೀಟರ್, ಮುಕ್ಕಾಲು ಕಿಲೋಮೀಟರ್. ನಡುವೆ ತೋಟ, ಬ್ಯಾಣ, ಒಂದು ಹಳ್ಳ, ಕಾಡು. ಇಂಥ ಕಡೆ ರಾತ್ರಿ ನಡೆಯೋದು ಅಂದ್ರೆ ಊಟ ಅರಗಲಿ ಅಂತ ಮಾಡೋ ವಾಕಿಂಗ್ ಅಲ್ಲ. ಪಂಪಿಗೆ ತ್ರೀ ಫೇಸ್ ಕರೆಂಟು ರಾತ್ರಿ ಹನ್ನೊಂದಕ್ಕೋ ಎರಡಕ್ಕೋ ಬಂದರೆ ಆಗಲೇ ಎದ್ದು ಹೋಗಿ ಹಾಕಬೇಕು. ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿಸಿ ಬರೋದು ಹತ್ತು ಗಂಟೆ. ಆಟ ನೋಡೋಕೆ ಹೋದರೆ ಬರೋದು ಬೆಳಗಿನ ಜಾವ.

ನಮ್ಮಜ್ಜನ ಕಾಲದಲ್ಲಿ ಸೂಡಿ ಹಿಡ್ಕೊಂಡು ಹೋಗ್ತಿದ್ರು, ಅಪ್ಪನ ಕಾಲಕ್ಕೆ ಮೂರು ಸೆಲ್ಲಿನ ಟಾರ್ಚ್ ಬಂತು, ನನ್ನ ತಲೆ ಮೇಲೆ ಎಲ್‌ಇಡಿ ಹೆಡ್‌ಲ್ಯಾಂಪ್ ಇದೆ. ಬೆಳಕು ಬದಲಾಯಿತೇ ಹೊರತು ಮುಂದೆ ಹೋಗೋ ನಾಯಿ ಬದಲಾಗಿಲ್ಲ.

ನಮ್ಮ ಕಾಳನ ಬಗ್ಗೆ ಹೇಳಬೇಕು. 2014ರ ಮಳೆಗಾಲದಲ್ಲಿ ಡೈರಿಯ ಹಿಂದೆ ಗೋಣಿಚೀಲದ ಮೇಲೆ ನಡುಗ್ತಾ ಕೂತಿದ್ದ ಮರಿ. ಹಾಲು ಹಾಕೋಕೆ ಹೋದವನು ಖಾಲಿ ಕ್ಯಾನಿನಲ್ಲಿ ಹಾಕ್ಕೊಂಡು ಬಂದೆ. ಅಮ್ಮ ಕ್ಯಾನು ಹಾಳು ಮಾಡಿದೆ ಅಂತ ಬೈದು, ಅದೇ ಬಾಯಲ್ಲಿ ಮರಿಗೆ ಅನ್ನ ಹಾಲು ಕಲಸಿದಳು. ಜಾತಿ ಗೀತಿ ಏನಿಲ್ಲ, ಅಪ್ಪಟ ಊರುನಾಯಿ. ಬಣ್ಣ ಕಪ್ಪು, ಎಡಗಿವಿ ಮಾತ್ರ ಬಾಗಿದೆ.

ಕಾಳ ರಾತ್ರಿ ನಡೆಯುವಾಗ ನನಗಿಂತ ಐದಾರು ಮಾರು ಮುಂದೆ. ತಿರುವಿನಲ್ಲಿ ನಿಂತು ನಾನು ಬಂದೆನಾ ನೋಡಿ ಮತ್ತೆ ಮುಂದೆ. ಟಾರ್ಚಿಗೆ ಅವನ ಕಣ್ಣು ಹಸಿರಾಗಿ ಹೊಳೆಯುತ್ತೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನ ವಾಪಸ್ ಕಳಿಸೋ ಒಂದು ಪದರ ಇರೋದರಿಂದ ಹಾಗೆ. ಅದರಿಂದಲೇ ನಮಗಿಂತ ಕಮ್ಮಿ ಬೆಳಕಲ್ಲಿ ಅವಕ್ಕೆ ಕಾಣೋದು. ಆದರೆ ಕಾಳ ಕಣ್ಣಿಗಿಂತ ಮೂಗನ್ನೇ ನಂಬೋದು. ಮುಳ್ಳುಹಂದಿ ದಾಟಿ ಹೋಗಿದ್ರೆ ನೆಲ ಮೂಸಿ ಸೀನ್ತಾನೆ. ಹಂದಿ ಇದ್ದರೆ ಬೊಗಳ್ತಾನೆ. ಹಾವು ಇದ್ದರೆ ಬೊಗಳೋದು ಬೇರೆ ಥರ, ಕುತ್ತಿಗೆ ಚಾಚಿ, ಕಾಲು ಹಿಂದಿಟ್ಟು, ಒಂದೇ ಶ್ರುತಿಯಲ್ಲಿ. ಇದನ್ನ ಕೇಳಿ ಕೇಳಿ ನಮಗೂ ಅಭ್ಯಾಸ ಆಗಿದೆ. ಅಮ್ಮ ಒಳಗಿಂದಲೇ "ಹಾವಿರಬೇಕು, ಚಪ್ಪಲಿ ಹಾಕ್ಕೊಂಡು ಹೋಗು" ಅಂತಾಳೆ.

ಬೊಗಳದೇ ಇದ್ದದ್ದು ಒಂದೇ ಸಲ. 2015ರ ಚಳಿಗಾಲ. ಪಂಪ್ ಹಾಕಿ ಬರ್ತಿದ್ದೆ, ರಾತ್ರಿ ಒಂದೂವರೆ ಇರಬಹುದು. ಹಳ್ಳದ ಸಂಕದ ಹತ್ತಿರ ಬಂದವನು ಕಾಳ ಗಕ್ಕನೆ ನಿಂತ. ಬಾಲ ಹೊಟ್ಟೆಯೊಳಗೆ. ಹಿಂದೆ ಹಿಂದೆ ಬಂದು ನನ್ನ ಮೊಣಕಾಲಿಗೆ ಅಂಟಿಕೊಂಡ. ಅವನ ಮೈ ನಡುಗ್ತಿದ್ದದ್ದು ನನ್ನ ಪ್ಯಾಂಟಿನ ಮೂಲಕ ಗೊತ್ತಾಗ್ತಿತ್ತು. ನಾನು ಟಾರ್ಚ್ ಬಿಟ್ಟೆ. ಏನೂ ಕಾಣಲಿಲ್ಲ. ಕಪ್ಪೆಗಳೂ ಸುಮ್ಮನಿದ್ದವು. "ಬಾರೋ" ಅಂದರೆ ಬರಲ್ಲ. ನನಗೆ ಮನೆ ಕಾಣ್ತಿದೆ, ದೀಪ ಉರೀತಿದೆ, ಇನ್ನೂರು ಹೆಜ್ಜೆ ಅಷ್ಟೆ. ಆದರೂ ಯಾಕೋ ಅವನ ಮಾತೇ ಕೇಳೋಣ ಅನ್ನಿಸಿ, ಹಿಂದಕ್ಕೆ ತಿರುಗಿ, ತೋಟದ ಮೇಲಿನ ದಾರಿಯಲ್ಲಿ ಸುತ್ತು ಹಾಕಿ, ಜೋರಾಗಿ ಏನೇನೋ ಮಾತಾಡ್ತಾ ಮನೆ ಸೇರಿದೆ.

ಬೆಳಿಗ್ಗೆ ಹೋಗಿ ನೋಡಿದರೆ ಸಂಕದ ಆಚೆ ಕೆಸರಲ್ಲಿ ಕುರ್ಕನ ಹೆಜ್ಜೆ. ಅದೇ ಚಿರತೆ, ನಮ್ಮ ಕಡೆ ಕುರ್ಕ ಅಂತೀವಿ. ಅದೇ ವಾರ ಮೇಲಿನ ಮನೆಯವರ ನಾಯಿ ಹೋಯಿತು. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ್ರು. ಬೆಳಿಗ್ಗೆ ಸರಪಳಿ ಇತ್ತು, ನಾಯಿ ಇರಲಿಲ್ಲ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ, ಕಬ್ಬಿನ ಗದ್ದೆಗಳ ನಡುವೆ ಬದುಕೋ ಚಿರತೆಗಳು ಏನು ತಿಂತಾವೆ ಅಂತ ವಿದ್ಯಾ ಆತ್ರೇಯ ಮತ್ತು ಜೊತೆಯವರು ಹಿಕ್ಕೆ ಪರೀಕ್ಷಿಸಿ ನೋಡಿದ್ರು. ಆಹಾರದ ತೂಕದಲ್ಲಿ ಶೇಕಡಾ 39ರಷ್ಟು ನಾಯಿಯೇ! ಹಿಮಾಲಯದ ಕುರುಬರು ನಾಯಿಗಳ ಕುತ್ತಿಗೆಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕೋದೂ ಇದಕ್ಕೇ.

ಅವತ್ತಿನಿಂದ ನಮ್ಮನೆಯಲ್ಲಿ ಎರಡು ನಿಯಮ. ಒಂದು, ರಾತ್ರಿ ಕಾಳ ಅಂಗಳದಲ್ಲಿ ಕಟ್ಟಿಹಾಕಿಸಿಕೊಂಡು ಇರಲ್ಲ, ಕೊಟ್ಟಿಗೆ ಪಕ್ಕದ ಬಾಗಿಲಿರೋ ಗೂಡಲ್ಲಿ ಮಲಗ್ತಾನೆ. ಕಟ್ಟಿಹಾಕಿದ ನಾಯಿ ಮನೆ ಕಾಯೋದಿಲ್ಲ, ಚಿರತೆಗೆ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ. ಎರಡು, ರಾತ್ರಿ ದಾರಿಯಲ್ಲಿ ಕಾಳ ನಿಂತರೆ ನಾವೂ ನಿಲ್ಲಬೇಕು. ಅಲ್ಲಿ ಅವನಿಗೆ ನಮಗಿಂತ ಜಾಸ್ತಿ ಗೊತ್ತು. ವಾದ ಇಲ್ಲ.

*

ಈಗ ಬೆಟ್ಟದ ವಿಷಯಕ್ಕೆ ಬರ್ತೀನಿ. ಇದನ್ನ ಬರೆಯೋಕೆ ಸ್ವಲ್ಪ ಕಷ್ಟ, ಆದ್ರೂ ಬರೀತೀನಿ.

2016ರ ನವೆಂಬರ್. ಬೆಂಗಳೂರಿನಿಂದ ಹಳೇ ರೂಮ್‌ಮೇಟ್‌ಗಳು ಬಂದಿದ್ರು. ಜೀಪ್ ಬೇಡ, ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತೋಣ, ಸಂಜೆಯೊಳಗೆ ಇಳಿದುಬಿಡೋಣ ಅಂತ ಮಾತಾಯಿತು. ಬೆಳಿಗ್ಗೆ ಆರಕ್ಕೆ ಹೊರಟೆವು. ಅವಲಕ್ಕಿ, ಬಾಳೆಹಣ್ಣು, ಎರಡೆರಡು ಬಾಟಲ್ ನೀರು. ಕಾಳ ಬಂದ. ನಾನು ಕರೆದೆನಾ ಅವನೇ ಬಂದನಾ ಅಂತ ಕೇಳಬೇಡಿ. "ಹೋಗು ಮನೆಗೆ" ಅಂತ ಒಂದು ಸಲ ಅಂದೆ, ಅವನು ಹತ್ತು ಮಾರು ಹಿಂದೆ ಹೋಗಿ ಕೂತ, ನಾವು ಹೊರಟ ತಕ್ಷಣ ಮತ್ತೆ ಹಿಂದೆ. ಗೆಳೆಯರಿಗೆ ಖುಷಿ. "ನಮ್ಮ ಗೈಡು ಬಂದ" ಅಂತ ಫೋಟೋ ಹೊಡೆದರು. ನನಗೂ ಒಳಗೊಳಗೆ ಹೆಮ್ಮೆ. ಎರಡನೇ ಸಲ ಗದರಲಿಲ್ಲ.

ಜಲಪಾತದ ಪಕ್ಕದ ಬಂಡೆಗಳಲ್ಲಿ ನಾವು ಕೋತಿ ಥರ ಹತ್ತುವಾಗ ಅವನು ಬೇರೆ ಯಾವುದೋ ದಾರಿ ಹುಡುಕಿ ನಮಗಿಂತ ಮೊದಲೇ ಮೇಲೆ ನಿಂತಿರ್ತಿದ್ದ. ಉಂಬಳ ಅವನ ಕಾಲ್ಬೆರಳ ಸಂದಿಯಲ್ಲಿ ಕಚ್ಚಿದ್ರೆ ನಾವು ಉಪ್ಪು ಹಾಕಿ ತೆಗೀತಿದ್ದೆವು. ಕಾಡು ಮುಗಿದು ಹುಲ್ಲುಬ್ಯಾಣ ಬಂದಾಗ ಗಾಳಿ ಬೀಸಿತು ನೋಡಿ... ಅದನ್ನ ಹತ್ತಿದವರಿಗೇ ಗೊತ್ತು. ಒಂದು ಕಡೆ ಹುಲ್ಲು, ಮಡಿಕೆಗಳಲ್ಲಿ ಕಪ್ಪಗೆ ಶೋಲಾ ಕಾಡು, ದೂರದಲ್ಲಿ ಸಮುದ್ರ ಇರಬೇಕಾದ ಕಡೆ ಬಿಳೀ ಮಂಜು. ಕಾಳ ಹುಲ್ಲಲ್ಲಿ ಹುಚ್ಚು ಹಿಡಿದವನ ಹಾಗೆ ಓಡಿದ. ಅವನು ಅಷ್ಟು ಖುಷಿಯಾಗಿದ್ದದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಈ ಮಾತನ್ನ ಬೇಕಂತಲೇ ಬರೀತಿದ್ದೀನಿ, ಯಾಕಂದ್ರೆ ನಾಯಿಯನ್ನ ಬೆಟ್ಟಕ್ಕೆ ಕರ್ಕೊಂಡು ಹೋಗೋರು ಹೇಳೋದು ಸುಳ್ಳಲ್ಲ. ಅದಕ್ಕೆ ನಿಜವಾಗ್ಲೂ ಖುಷಿಯಾಗುತ್ತೆ.

ನಾವು ಅವಲಕ್ಕಿ ಬಿಚ್ಚಿ ಕೂತಿದ್ದೆವು. ಕಾಳ ಒಂದು ಶೋಲಾದ ಅಂಚಿನಲ್ಲಿ ಮೂಗು ಎತ್ತಿದ್ದು ಕಂಡಿತು. ಮರುಕ್ಷಣ ಇಲ್ಲ. ಕರೆದೆ, ಶಿಳ್ಳೆ ಹಾಕಿದೆ. ರಾತ್ರಿ ದಾರಿಯಲ್ಲಿ ಒಂದು ಶಿಳ್ಳೆಗೆ ಬರೋ ನಾಯಿ ತಿರುಗಿಯೂ ನೋಡಲಿಲ್ಲ. ಆಮೇಲೆ ಒಳಗಿಂದ ಒಂದು ಕೂಗು ಬಂತು. ಎಳೇ ಮಗು ಅತ್ತ ಹಾಗಿತ್ತು. ಎರಡು ಸಲ ಬಂದು ನಿಂತುಹೋಯಿತು.

ಐದು ನಿಮಿಷ ಬಿಟ್ಟು ಕಾಳ ಹೊರಗೆ ಬಂದ. ಬಾಯಲ್ಲಿ ಕಾಡುಕುರಿಯ ಮರಿ. ನೆಟ್ಟಗೆ ನನ್ನ ಹತ್ತಿರವೇ ತಂದು, ಕಾಲ ಬಳಿ ಇಟ್ಟು, ಬಾಲ ಅಲ್ಲಾಡಿಸ್ತಾ ನನ್ನ ಮುಖ ನೋಡಿದ. ತೆಂಗಿನಕಾಯಿ ಚಿಪ್ಪು ತಂದಿಟ್ಟಾಗ ನೋಡ್ತಾನಲ್ಲ, ಹಾಗೇ.

ಮರಿ ಇನ್ನೂ ಬದುಕಿತ್ತು. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಮೈ ಮೇಲೆ ಬಿಳಿ ಚುಕ್ಕೆ ಇನ್ನೂ ಹೋಗಿರಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡೆ. ಏನು ಮಾಡಬೇಕು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾಡೋ ಅಂಥದ್ದು ಏನೂ ಇರಲೂ ಇಲ್ಲ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು. ಆಗ ಶೋಲಾದ ಒಳಗಿಂದ ಅದರ ತಾಯಿ ಕೂಗೋಕೆ ಶುರು ಮಾಡಿತು. ಕಾಡುಕುರಿಯ ಕೂಗು ಕೇಳಿದ್ದೀರಲ್ಲ? ಥೇಟ್ ನಾಯಿ ಬೊಗಳಿದ ಹಾಗೆ. ಕಾಳ ಆ ಶಬ್ದಕ್ಕೆ ಬಾಗಿದ ಕಿವಿ ನೆಟ್ಟಗೆ ಮಾಡಿ ಕೇಳ್ತಾ ನಿಂತಿದ್ದ.

ಗೆಳೆಯನೊಬ್ಬ ಸಮಾಧಾನ ಮಾಡಿದ. "ಬಿಡೋ, ಅದು ಅದರ ಸ್ವಭಾವ." ಸರಿ, ನಾಯಿಯ ಸ್ವಭಾವ. ಆದರೆ ನಾಯಿಯನ್ನ ಅಲ್ಲಿಗೆ ತಂದದ್ದು ಯಾರ ಸ್ವಭಾವ? ಮರಿಯನ್ನ ಶೋಲಾದ ಅಂಚಿನಲ್ಲಿ ಇಟ್ಟು ಬಂದೆವು. ಸರ್ವಜ್ಞ ಪೀಠದವರೆಗೆ ಹೋಗೋ ಮನಸ್ಸಾಗಲಿಲ್ಲ. ಕಾಳನಿಗೆ ನನ್ನ ಬೆಲ್ಟ್ ಬಿಚ್ಚಿ ಕುತ್ತಿಗೆಗೆ ಕಟ್ಟಿ ಇಳಿಸಿಕೊಂಡು ಬಂದೆ. ಇಳಿಯುವಷ್ಟು ಹೊತ್ತೂ ಆ ತಾಯಿಯ ಕೂಗು ಕೇಳ್ತಾನೇ ಇತ್ತು.

*

ಆಮೇಲೆ ಓದಿ, ಪಶುವೈದ್ಯರನ್ನ ಕೇಳಿ ತಿಳ್ಕೊಂಡದ್ದು ಸ್ವಲ್ಪ ಇದೆ. ಅವತ್ತೇ ಗೊತ್ತಿದ್ದಿದ್ರೆ ಎರಡನೇ ಸಲ ಗದರ್ತಿದ್ದೆನೇನೋ.

ಮೊದಲನೆಯದು, ಕೊಡಚಾದ್ರಿ ಇರೋದು ಮೂಕಾಂಬಿಕಾ ಅಭಯಾರಣ್ಯದ ಒಳಗೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅನ್ನೋ ಪದದ ಅರ್ಥ ಕೊಲ್ಲೋದು ಮಾತ್ರ ಅಲ್ಲ, ಅಟ್ಟಿಸೋದೂ ಅದರಲ್ಲಿ ಬರುತ್ತೆ. ಕೋವಿ ಇರಲಿಲ್ಲ ಅನ್ನೋದು ಬಿಟ್ಟರೆ ಅವತ್ತು ನಾನು ಮಾಡಿದ್ದಕ್ಕೂ ಅಜ್ಜನ ಕಾಲದ ಶಿಕಾರಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಅಜ್ಜನವರು ಶಿಕಾರಿಗೆ ಅಂತ ಹೇಳಿಯಾದ್ರೂ ಹೋಗ್ತಿದ್ರು.

ಎರಡನೆಯದು ರೋಗ. ಇದು ಅಟ್ಟಿಸೋದಕ್ಕಿಂತ ದೊಡ್ಡದು, ಯಾಕಂದ್ರೆ ಕಣ್ಣಿಗೆ ಕಾಣಲ್ಲ. ನಾಯಿಗಳಿಗೆ ಬರೋ ಡಿಸ್ಟೆಂಪರ್ ಅಂತ ಒಂದು ವೈರಸ್ ಇದೆ. ಕೆಮ್ಮು, ಕಣ್ಣು ಮೂಗಲ್ಲಿ ನೀರು, ಕೊನೆಗೆ ಮೈ ಅದುರೋದು. ಊರಲ್ಲಿ ಮರಿಗಳು ಸಾಲಾಗಿ ಸಾಯೋದು ಎಷ್ಟೋ ಸಲ ಇದರಿಂದ, ಇಲ್ಲಾ ಪಾರ್ವೋದಿಂದ. ಈ ಡಿಸ್ಟೆಂಪರ್ ನಾಯಿಗೇ ನಿಲ್ಲಲ್ಲ. ನರಿ, ಸೀಳುನಾಯಿ, ಹುಲಿ, ಸಿಂಹ, ಚಿರತೆಗೂ ಹೋಗುತ್ತೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹ ಸತ್ತವು, ಅಲ್ಲಿದ್ದ ಸಿಂಹಗಳಲ್ಲಿ ಮೂರರಲ್ಲಿ ಒಂದು ಪಾಲು. ಕಾರಣ ಇದೇ ವೈರಸ್. ಅದು ಸುತ್ತಲಿನ ಹಳ್ಳಿ ನಾಯಿಗಳಿಂದ ಬಂದದ್ದು ಅನ್ನೋದು ಅಲ್ಲಿ ಅಧ್ಯಯನ ಮಾಡಿದವರ ಅಭಿಪ್ರಾಯ. 2018ರಲ್ಲಿ ನಮ್ಮ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತಾಗಲೂ ಇದೇ ಹೆಸರು ಬಂತು. ನಾಯಿ ಒಂದು ಮರದ ಬುಡಕ್ಕೆ ಉಚ್ಚೆ ಹೊಯ್ದು ಮೂಸಿ ಬರುತ್ತೆ, ನಾವು ಮುದ್ದಾಗಿದೆ ಅಂತ ನಗ್ತೀವಿ. ಅದೇ ಮರ ಮೂಸೋಕೆ ರಾತ್ರಿ ಸೀಳುನಾಯಿ ಬರುತ್ತೆ.

ಮೂರನೆಯದು ಉಣುಗು. ಮಂಗನ ಕಾಯಿಲೆ ಬಗ್ಗೆ ಶಿವಮೊಗ್ಗ ಜಿಲ್ಲೆಯವರಿಗೆ ನಾನು ಹೇಳೋದೇನಿದೆ? 1957ರಲ್ಲಿ ಮೊದಲು ಕಂಡದ್ದೇ ಸೊರಬದ ಕಡೆಯ ಕ್ಯಾಸನೂರು ಕಾಡಲ್ಲಿ, ಪ್ರಪಂಚದ ಪುಸ್ತಕಗಳಲ್ಲೆಲ್ಲ ಅದಕ್ಕೆ ಆ ಕಾಡಿನದೇ ಹೆಸರು. 2019ರ ಹೊತ್ತಿಗೆ ಸಾಗರದ ಅರಳಗೋಡಿನಲ್ಲಿ ಜನ ಪಟ್ಟ ಪಾಡು ನಮಗಿನ್ನೂ ಮರೆತಿಲ್ಲ. ಕಾಡಿನ ಉಣುಗು ಕಚ್ಚಿ ಬರೋ ಕಾಯಿಲೆ, ಜೋರಿರೋದು ಡಿಸೆಂಬರಿನಿಂದ ಮೇವರೆಗೆ. ಅದೇ ತಾನೆ ಟ್ರೆಕ್ಕಿಂಗ್ ಸೀಸನ್ನೂ? ನಾವು ಕಾಡಿಗೆ ಹೋಗುವಾಗ ಡೇಪಾ ಎಣ್ಣೆ ಹಚ್ಕೋತೀವಿ, ಬಂದು ಬಿಸಿನೀರಲ್ಲಿ ಸ್ನಾನ ಮಾಡ್ತೀವಿ, ಬಟ್ಟೆ ನೆನೆಸ್ತೀವಿ. ನಾಯಿ ಪೊದೆಯಲ್ಲೆಲ್ಲ ನುಗ್ಗಿ ಮೈ ತುಂಬ ಉಣುಗು ಹತ್ತಿಸ್ಕೊಂಡು ಬಂದು ಜಗಲಿ ಮೇಲೆ ಮಲಗುತ್ತೆ. ಮಕ್ಕಳು ತಬ್ಬಿಕೊಳ್ತಾವೆ.

ನಾಲ್ಕನೆಯದು ನಮ್ಮದೇ ಪ್ರಾಣ. "ನಾಯಿ ಇದ್ರೆ ಧೈರ್ಯ" ಅಂತಾರೆ. ಊರ ದಾರಿಯಲ್ಲಿ ನಿಜ. ಕಾಡಲ್ಲಿ ಉಲ್ಟಾ. ನಾಯಿ ಹೋಗಿ ಕರಡಿಯನ್ನೋ ಕಾಟಿಯನ್ನೋ ಕೆಣಕುತ್ತೆ, ಅದು ತಿರುಗಿ ಬಿದ್ದಾಗ ಓಡಿ ಬರೋದು ಎಲ್ಲಿಗೆ? ಯಜಮಾನನ ಕಾಲ ಬುಡಕ್ಕೆ. ಹಿಂದೆಯೇ ಆ ಪ್ರಾಣಿ! ಸುಮ್ಮನೆ ನಡೆದುಕೊಂಡು ಹೋಗಿದ್ರೆ ನಮ್ಮನ್ನ ನೋಡಿಯೂ ನೋಡದ ಹಾಗೆ ಇರ್ತಿದ್ದ ಕಾಟಿಯನ್ನ ನಾವೇ ಮನೆಗೆ ಕರೆದ ಹಾಗೆ.

*

ಇದನ್ನೆಲ್ಲ ಹೇಳಿದಾಗ ನನಗೆ ಬರೋ ಉತ್ತರಗಳೂ ಗೊತ್ತು.

"ನಮ್ಮ ನಾಯಿ ಹಾಗಲ್ಲ, ತುಂಬ ಪಾಪದ್ದು." ಕಾಳನೂ ಪಾಪದವನೇ. ನಮ್ಮನೆ ಕೋಳಿಮರಿಗಳು ಅವನ ಬೆನ್ನ ಮೇಲೆ ಹತ್ತಿ ಕೂರ್ತಾವೆ. ಮನೆಯಲ್ಲಿ ಪಾಪದ್ದಾಗಿರೋದಕ್ಕೂ ಶೋಲಾದ ಅಂಚಿನಲ್ಲಿ ಹೊಸ ವಾಸನೆ ಮೂಗಿಗೆ ಬಡಿದಾಗ ಏನು ಮಾಡುತ್ತೆ ಅನ್ನೋದಕ್ಕೂ ಸಂಬಂಧ ಇಲ್ಲ.

"ಹಗ್ಗ ಹಾಕ್ಕೊಂಡು ಕರ್ಕೊಂಡು ಹೋಗ್ತೀವಿ." ಹಾಕಿಲ್ಲದ್ದಕ್ಕಿಂತ ಒಳ್ಳೇದು, ಒಪ್ತೀನಿ. ಆದರೆ ರೋಗಕ್ಕೆ, ಉಣುಗಿಗೆ ಹಗ್ಗ ಗೊತ್ತಿಲ್ಲ. ಆಮೇಲೆ ಬಂಡೆ ಹತ್ತುವಾಗ ಒಂದು ಕೈಯಲ್ಲಿ ಹಗ್ಗ ಹಿಡಿದು ಹತ್ತಿ ನೋಡಿ. ಐದೇ ನಿಮಿಷಕ್ಕೆ ಬಿಟ್ಟುಬಿಡ್ತೀರಿ. ಎಲ್ಲರೂ ಬಿಡ್ತಾರೆ.

"ಬೆಟ್ಟದಲ್ಲಿ ಜನ ಪ್ಲಾಸ್ಟಿಕ್ ಎಸೀತಾರೆ, ಸ್ಪೀಕರ್ ಹಾಕ್ಕೊಂಡು ಕುಣೀತಾರೆ, ಜೀಪುಗಳು ಧೂಳೆಬ್ಬಿಸ್ತಾವೆ. ನಿಮಗೆ ನಾಯಿ ಒಂದೇ ಕಂಡಿತಾ?" ಇದು ಮಾತ್ರ ನಿಜವಾದ ಪ್ರಶ್ನೆ. ನಾಯಿಗಿಂತ ನಾವೇ ದೊಡ್ಡ ಕಾಟ, ಸಂಶಯವೇ ಇಲ್ಲ. ಆದರೆ ನಮ್ಮನ್ನ ನಾವು ಸುಧಾರಿಸಿಕೊಳ್ಳೋದಕ್ಕೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ನಾಯಿಯನ್ನ ಒಂದು ದಿನ ಮನೆಯಲ್ಲಿ ಬಿಡೋದಕ್ಕೆ ಒಂದು ತೀರ್ಮಾನ ಸಾಕು. ಸುಲಭದ್ದನ್ನ ಮೊದಲು ಮಾಡೋಣ ಅಂತ.

"ಅದಕ್ಕೂ ಸ್ವಾತಂತ್ರ್ಯ ಬೇಡ್ವಾ?" ಇದಕ್ಕೆ ನನಗೆ ನೆನಪಾಗೋದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ನಾಯಿಗುತ್ತಿಯ ಹುಲಿಯ. ಗುತ್ತಿ ಹೋದಲ್ಲೆಲ್ಲ ಹುಲಿಯ. ಕಾಡಿರಲಿ, ರಾತ್ರಿ ಇರಲಿ, ಕೊನೆಗೆ ಉಕ್ಕಿ ಹರಿಯೋ ತುಂಗೆ ಇರಲಿ. ಆ ಹೊಳೆಯಲ್ಲಿ ಹುಲಿಯನಿಗೆ ಏನಾಯಿತು ಅಂತ ಓದಿದವರಿಗೆ ನೆನಪಿಸಬೇಕಾಗಿಲ್ಲ, ಓದದವರಿಗೆ ಹೇಳಲ್ಲ. ನಾನು ಮೊದಲ ಸಲ ಕಾಲೇಜಿನಲ್ಲಿದ್ದಾಗ ಓದಿ, ಎಂಥ ನಿಷ್ಠೆ ಅಂತ ಅತ್ತಿದ್ದೆ. ಕಾಡುಕುರಿ ಮರಿ ಸತ್ತ ಮೇಲೆ ಮತ್ತೊಮ್ಮೆ ಓದಿದಾಗ ಬೇರೆಯದೇ ಅನ್ನಿಸಿತು. ನಾಯಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರಲ್ಲ. ನಾವು ಹೋದಲ್ಲಿಗೆ ಬರೋದು ಅಷ್ಟೇ ಅದಕ್ಕೆ ಗೊತ್ತು. ಹೊಳೆಯೋ ಬೆಟ್ಟವೋ ಅದು ಲೆಕ್ಕ ಹಾಕಲ್ಲ. ಲೆಕ್ಕ ಹಾಕಬೇಕಾದವರು ನಾವು. ರಾತ್ರಿ ಸಂಕದ ಹತ್ತಿರ ಕಾಳ ಬೇಡ ಅಂದಾಗ ನಾನು ಕೇಳಿದೆ. ಬೆಟ್ಟದ ಬುಡದಲ್ಲಿ ಬೇಡ ಅನ್ನಬೇಕಾದ ಸರದಿ ನನ್ನದಾಗಿತ್ತು, ನಾನು ಹೇಳಲಿಲ್ಲ. ಅಷ್ಟೇ ವಿಷಯ.

*

ಹಾಗಾದ್ರೆ ಏನು ಮಾಡಬೇಕು? ನಾವು ಮಾಡ್ತಿರೋದನ್ನ ಹೇಳ್ತೀನಿ, ಉಪದೇಶ ಅಂತ ತಗೋಬೇಡಿ.

ಬೆಟ್ಟಕ್ಕೆ ಹೋಗೋ ದಿನ ಬ್ಯಾಗು ಹೊರಗೆ ತರೋ ಮೊದಲೇ ಕಾಳನನ್ನ ಗೂಡಿಗೆ ಹಾಕಬೇಕು. ಬ್ಯಾಗು ನೋಡಿದ ಮೇಲೆ ಸಾಧ್ಯವಿಲ್ಲ, ಅವನು ಯಾವ ಯೋಗಿಗೂ ಕಮ್ಮಿ ಇಲ್ಲದ ಹಾಗೆ ಅದೃಶ್ಯ ಆಗ್ತಾನೆ :) ನಾವು ಹೋಗಿ ಅರ್ಧ ಗಂಟೆ ಆದ ಮೇಲೆ ಅಮ್ಮ ಬಿಡ್ತಾಳೆ.

ಬೆಟ್ಟದ ಬುಡದ ಊರುಗಳಲ್ಲಿ ಬಸ್ಸಿಳಿದ ತಕ್ಷಣ ಬಾಲ ಅಲ್ಲಾಡಿಸ್ಕೊಂಡು ಬರೋ ನಾಯಿಗಳಿರ್ತಾವಲ್ಲ, ಅವಕ್ಕೆ ಹತ್ತೋ ಮೊದಲು ಬಿಸ್ಕೆಟ್ ಹಾಕಬೇಡಿ. ಹಾಕಿದ್ರೆ ಅದು ತುದಿಯವರೆಗೆ ಬರುತ್ತೆ, ದಾರೀಲಿ ಏನು ಸಿಕ್ಕಿದ್ರೂ ಅಟ್ಟಿಸುತ್ತೆ. ಅಷ್ಟು ಪ್ರೀತಿ ಇದ್ರೆ ಇಳಿದು ಬಂದ ಮೇಲೆ, ಬಸ್ ಹತ್ತೋ ಮೊದಲು ಹಾಕಿ.

ಲಸಿಕೆ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಡಿಸ್ಟೆಂಪರ್, ಪಾರ್ವೋದ್ದು ಬೇರೆ ಹಾಕಿಸಬೇಕು, ಹಳ್ಳಿಗಳಲ್ಲಿ ನಾವು ಬಿಟ್ಟುಬಿಡೋದು ಇದನ್ನೇ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ಹೊತ್ತಿಗೆ ಎಷ್ಟೋ ಕಡೆ ಪುಕ್ಕಟೆ ಹಾಕ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಪ್ರಪಂಚದ ರೇಬಿಸ್ ಸಾವುಗಳಲ್ಲಿ ಶೇಕಡಾ 36 ನಮ್ಮ ದೇಶದಲ್ಲೇ. ಒಂದು ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಹಾಕಿದ್ರೆ ಆ ಊರಲ್ಲಿ ರೋಗ ಹರಡೋದು ನಿಲ್ಲುತ್ತೆ ಅಂತಾರೆ. ಮೂರು ವರ್ಷದ ಹಿಂದೆ ನಾವು ನಾಲ್ಕು ಮನೆಯವರು ಸೇರಿ ಒಂದೇ ದಿನ ಹದಿನೇಳು ನಾಯಿಗೆ ಹಾಕಿಸಿದೆವು. ಹಿಡಿಯೋಕೆ ಪಟ್ಟ ಕಷ್ಟ ಬರೆದರೆ ಅದೇ ಒಂದು ಪ್ರಹಸನ ಆಗುತ್ತೆ, ಇನ್ನೊಂದು ದಿನ ಬರೀತೀನಿ. ಮತ್ತೆ ಯಾವ ನಾಯಿ ಕಚ್ಚಿದ್ರೂ, ನಮ್ಮನೆಯದ್ದೇ ಆಗಿರಲಿ, ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಮಂತ್ರ ಯಾವುದೂ ಬೇಡ.

ಹೆಣ್ಣು ಮರಿಗಳನ್ನ ಚೀಲದಲ್ಲಿ ಹಾಕಿ ಕಾಡಿನ ಅಂಚಿಗೆ ಬಿಟ್ಟು ಬರೋದನ್ನ ನಿಲ್ಲಿಸಬೇಕು. ಕಾಡಲ್ಲಿ ಗುಂಪು ಕಟ್ಟಿಕೊಂಡು ತಿರುಗೋ ನಾಯಿಗಳು ಆಕಾಶದಿಂದ ಬಿದ್ದದ್ದಲ್ಲ, ನಾವು ಬಿಟ್ಟದ್ದು. ಸಂತಾನಹರಣ ಮಾಡಿಸಿ ಸಾಕಿಕೊಳ್ಳೋದು ಅದಕ್ಕಿಂತ ಕಷ್ಟ ಏನಲ್ಲ.

*

ಕಾಳ ಈಗ ಮುದುಕ. ಮೂತಿ ಬಿಳಿಯಾಗಿದೆ, ಹಿಂಗಾಲು ಸ್ವಲ್ಪ ಎಳೀತಾನೆ. ಆದ್ರೂ ರಾತ್ರಿ ಪಂಪ್ ಹಾಕೋಕೆ ಹೊರಟರೆ ಎದ್ದು ಬರ್ತಾನೆ. ಮುಂಚಿನ ಹಾಗೆ ಐದಾರು ಮಾರು ಮುಂದೆ ಹೋಗಲ್ಲ, ಜೊತೆಗೇ ನಡೀತಾನೆ. ಮಳೆ ಶುರುವಾಗೋ ಮೊದಲು ತೋಟದ ಮೇಲೆಲ್ಲ ಮಿಣುಕುಹುಳ ತುಂಬಿದಾಗ ಇಬ್ಬರೂ ಸಂಕದ ಮೇಲೆ ಸ್ವಲ್ಪ ಹೊತ್ತು ಕೂತು ಬರ್ತೀವಿ. ಕೆಲವು ಸಲ ಬೆಟ್ಟದ ಕಡೆಯಿಂದ ಕಾಡುಕುರಿ ಕೂಗುತ್ತೆ. ಕಾಳ ತಲೆ ಎತ್ತಿ ಕೇಳ್ತಾನೆ. ಅವನಿಗೆ ಏನು ನೆನಪಾಗುತ್ತೋ ಗೊತ್ತಿಲ್ಲ. ಏನೂ ಆಗಲಿಕ್ಕಿಲ್ಲ. ನನಗೆ ಆಗುತ್ತೆ.

ನಾನು ಈಗಲೂ ವರ್ಷಕ್ಕೆ ಎರಡು ಮೂರು ಸಲ ಬೆಟ್ಟ ಹತ್ತುತ್ತೀನಿ. ಸಂಜೆ ವಾಪಸ್ ಬಂದು ಜಗಲಿ ಮೇಲೆ ಶೂ ಬಿಚ್ಚಿಟ್ಟರೆ ಕಾಳ ಬಂದು ಅದನ್ನ ಮೂಸೋಕೆ ಶುರು ಮಾಡ್ತಾನೆ. ಒಂದು ಶೂ ಹತ್ತು ನಿಮಿಷ, ಇನ್ನೊಂದು ಹತ್ತು ನಿಮಿಷ. ಅಡಿ, ಪಕ್ಕ, ಲೇಸಿಗೆ ಸಿಕ್ಕಿಕೊಂಡ ಹುಲ್ಲಿನ ಕಡ್ಡಿ, ಒಂದನ್ನೂ ಬಿಡಲ್ಲ. ನಾನು ಎಲ್ಲೆಲ್ಲಿ ಹೋದೆ, ಅಲ್ಲಿ ಯಾರ್ಯಾರು ಇದ್ದರು ಅಂತ ನನಗಿಂತ ಚೆನ್ನಾಗಿ ಅವನಿಗೆ ಗೊತ್ತಾಗುತ್ತೆ ಅನ್ಸುತ್ತೆ. ಅವನ ಪಾಲಿನ ಬೆಟ್ಟ ಅವನಿಗೆ ಅಷ್ಟು ಸಿಗಲಿ.

ಗೆಳೆಯನಿಗೆ ಮತ್ತೆ ಫೋನ್ ಮಾಡಿದ್ದೆ. ಬ್ರೂನೋ ನಮ್ಮನೆಗೆ ಬರ್ತಾನೆ, ಅವರು ಬೆಟ್ಟ ಹತ್ತೋ ದಿನ ಅಮ್ಮನ ಜೊತೆ ಇರ್ತಾನೆ ಅಂತ ತೀರ್ಮಾನ ಆಗಿದೆ. ಕಾಳನ ಜೊತೆ ಹೇಗೆ ಹೊಂದಿಕೊಳ್ತಾನೋ ನೋಡಬೇಕು. ರಾತ್ರಿ ಪಂಪ್ ಹಾಕೋಕೆ ಹೋಗುವಾಗ ಅವನನ್ನೂ ಹಗ್ಗ ಹಾಕಿ ಕರ್ಕೊಂಡು ಹೋಗೋಣ ಅಂತಿದ್ದೀನಿ. ಸೋಫಾ ಬಿಟ್ಟು ಬೇರೆ ಪ್ರಪಂಚಾನೂ ಸ್ವಲ್ಪ ನೋಡಲಿ :)

ನಿಮ್ಮೂರಿನ ಕಡೆ ಹೇಗೆ? ನಾಯಿ ಕರ್ಕೊಂಡು ಬೆಟ್ಟ ಹತ್ತಿದ್ದೀರಾ? ಬೈಯೋದಿದ್ರೂ ಬೈಯಿರಿ, ಬೇಜಾರಿಲ್ಲ.